ಸುಯಿಡೇ ಕಲಿಸಿದ ಬಯಾಲಜಿ ಮೇಡಂ

ಎರಡೂ ಕೈಲೇ ಒಮ್ಮೆಕ್ಕ ಬೋರ್ಡ್ ಮ್ಯಾಲೆ ಚಿತ್ರಾ ತಗಿಯೋರನ್ನ ನೀವು ಎಂದರ ನೋಡೀರೇನ್ರಿ? ನಾ ನೋಡೇನಿ. ಎಡಗೈಯಾಗ ಒಂದು ಚಾಕ್‌ಪೀಸ್, ಬಲಗೈಯಾಗ ಒಂದು. ಕಪ್ಪಿ ಮೂಗಿನ ತುದಿಯಿಂದ ಎರಡೂ ಕೈ ಬ್ಯಾರೆ ಬ್ಯಾರೆ ಹೊಂಟ್ವು ಅಂದ್ರ ಎರಡು ಕಣ್ಣು, ಎರಡು ಮುಂಗಾಲು, ಎರಡು ಹಿಂಗಾಲು ಎಲ್ಲಾ ಜೋಡಿ ಜೋಡಿ ಮೂಡಿ, ಕೆಳಗ ಬಂದು ಎರಡೂ ಗೆರಿ ಒಂದಕ್ಕೊಂದು ಬರೋಬ್ಬರಿ ಕೂಡತಿದ್ವು. ಅರ್ಧಾ ನಿಮಿಷದ ಕೆಲಸಾ. ನಮ್ಮ ಬಯಾಲಜಿ ಮೇಡಂ ಹಂಗ ತಗೀತಿದ್ರು. ಮೊದಲ ದಿನಾ ಇಡೀ ವರ್ಗಾ ಚಪ್ಪಾಳಿ ಹೊಡದಿತ್ತು. ಅವರು ಹೊಳ್ಳಿ ನೋಡಿ, "ಕಪ್ಪಿಗೆ ಚಪ್ಪಾಳಿ ಹೊಡೀರಿ, ನನಗ್ಯಾಕ? ಎರಡೂ ಕಡೆ ಒಂದೇ ನಮೂನಿ ಇರೋದು ಅದು," ಅಂದಿದ್ರು.

ಇನ್ನೊಂದು ಕೇಳ್ತೇನಿ. ಇಂಥಾ ಒಬ್ರು ನಿಮ್ಮ ಬಾಳಿನ್ಯಾಗ ಬಂದು, ನಿಮ್ಮನ್ನ ಒಂದು ದಾರಿಗೆ ಹಚ್ಚಿ, ನೀವು ಮಾತ್ರ ಅವರಿಗೆ ಹೇಳಬೇಕಾಗಿದ್ದ ಒಂದು ಖರೇ ಮಾತು ಹೇಳಲಾರದನ, ವರ್ಷಗಟ್ಲೆ ಅವರ ಬಾಯಿಂದ "ಛಲೋ ಹುಡುಗಿ" ಅನಿಸಿಕೊಂಡೀರೇನು? ನಾ ಅನಿಸಿಕೊಂಡೇನಿ. ಅದನ್ನ ಇವತ್ತ ಬರೀತೇನಿ.

ಮೇಡಂ ತೀರಿಕೊಂಡು ಹದಿನೈದು ದಿನಾ ಆತು. ನಾ ಗೋಪನಕೊಪ್ಪದಾಕಿ, ರಕ್ತಾ ತಪಾಸ ಮಾಡೋ ಲ್ಯಾಬಿನ್ಯಾಗ ಕೆಲಸಾ ಮಾಡಾಕಿ ಅಂತ ಈ ಪೇಜ್ ಓದೋರಿಗೆ ಗೊತ್ತೈತಿ. ಮುಂಜಾನಿ ಸ್ಕೂಟಿ ಹತ್ತಿ ಮನಿಮನಿಗೆ ಹೋಗಿ ಮಂದಿ ಕೈಗೆ ಸೂಜಿ ಚುಚ್ಚಿ ಬರ್ತೇನಿ, ಸಂಜಿಕ ಆ ಮನಿಗಳ ಸುದ್ದಿ ನಿಮಗ ಹೇಳಿ ನಗಸ್ತೇನಿ. ಇವತ್ತ ನಗೋದೇನೂ ಇಲ್ಲ, ಮೊದಲ ಹೇಳಿಬಿಡ್ತೇನಿ. ಬ್ಯಾಡ ಅನ್ನೋರು ಇಲ್ಲೇ ಹೊಳ್ಳಿ ಹೋಗ್ರಿ.

ಇಪ್ಪತ್ತೈದು ವರ್ಷದ ಮ್ಯಾಲಾತು. ನಾ ಆಗ ಹುಬ್ಬಳ್ಯಾಗ ಪಿಯುಸಿ ಮೊದಲನೇ ವರ್ಷ. ಮೇಡಂ ದಿನಾ ಧಾರವಾಡದಿಂದ ಬಸ್ಸಿಗೆ ಬರತಿದ್ರು. ಸೆರಗು ಸೊಂಟಕ್ಕ ಸಿಗಿಸಿಕೊಂಡು, ತುರುಬಿನ್ಯಾಗ ಒಂದು ಪೆನ್ಸಿಲ್ ಚುಚ್ಚಿಕೊಂಡು, ಬಸ್ಸಿನ್ಯಾಗ ನಿಂತಕೊಂಡ ಪೇಪರ್ ತಿದ್ದಿಕೊಂತ. ಲಗ್ನಾ ಆಗಿರಲಿಲ್ಲ. ಹುಟ್ಟಿದ್ದು ಧಾರವಾಡ ಬಾಜೂಕಿನ ಮುಗದ ಊರಾಗ, ಭತ್ತದ ಗದ್ದಿ ಇರೋ ಮನಿ. ಹದಿನಾರು ಹದಿನೇಳು ವರ್ಷದ ನಮಗೆಲ್ಲಾ "ರೀ" ಹಚ್ಚಿ ಮಾತಾಡತಿದ್ರು. "ನೀವು ಹೇಳ್ರಿ," "ನೀವು ಯಾಕ ನಿನ್ನೆ ಬಂದಿರ್ಲಿಲ್ರಿ?" ಹುಡುಗೂರು ಮೊದಮೊದಲ ನಕ್ರು. ಆಮ್ಯಾಲೆ ಹೆಂಗಾತಂದ್ರ, ಅವರ ವರ್ಗದಾಗ ನಾವೂ ಒಬ್ಬರಿಗೊಬ್ರು "ರೀ" ಅನ್ನಾಕ ಹತ್ತಿದ್ವಿ. ಗಂಟಿ ಬಾರಿಸಿದ ಕೂಡಲೆ ಮತ್ತ "ಏ ಮಂಗ್ಯಾ."

ಅವರಿಗೆ ಒಂದು ಹುಚ್ಚು ಇತ್ತು. ಕಂಡದ್ದಕ್ಕೆಲ್ಲಾ ಮನೆತನಾ ಹುಡುಕೋದು. ಒಮ್ಮೆ ಕಾಲೇಜು ಬಿಟ್ಟ ಮ್ಯಾಲೆ ಅವರ ಸಂಗಾಟ ಕಾಯಿಪಲ್ಯೆ ಸಂತಿಗೆ ಹೋಗಿದ್ವಿ. ಬದನಿಕಾಯಿ ಮಾರೋ ಅಜ್ಜಿ ಮುಂದ ಕುಕ್ಕರಗಾಲಿಲೇ ಕುಂತು, "ಅಜ್ಜಿ, ನಿಮ್ಮ ಬದನಿಕಾಯಿ, ಆ ಬಟಾಟಿ, ಈ ಟೊಮ್ಯಾಟೊ, ನೀವು ಬಾಯಾಗ ಹಾಕ್ಕೊಂಡಿರೆಲ್ಲಾ ತಂಬಾಕು, ಎಲ್ಲಾ ಅಕ್ಕ-ತಂಗೇರು, ಗೊತ್ತೇನ್ರಿ?" ಅಂದ್ರು. ಅಜ್ಜಿ ತಂಬಾಕು ಉಗುಳಿ, "ಯವ್ವಾ, ಅಕ್ಕ-ತಂಗೇರಿದ್ರ ಒಂದ ರೇಟಿಗೆ ಮಾರಾಕ ಹೇಳ್ತಿ ಏನ? ಸಾಧ್ಯಿಲ್ಲ ನಡಿ," ಅಂದ್ಲು. ಮೇಡಂ ನಕ್ಕು ನಕ್ಕು ಕಣ್ಣಾಗ ನೀರು.

"ಹೆಸರ ಗೊತ್ತಾತಂದ್ರ ಅರ್ಧಾ ಹೆದರಿಕಿ ಹೋತು, ಅರ್ಧಾ ಹೇಸಿಕಿ ಹೋತು." ಇದು ಅವರ ಮಾತು. ಹಾವಿನ ಪಾಠಕ್ಕೂ ಅದ, ಜಂತಿನ ಪಾಠಕ್ಕೂ ಅದ. ಈ ಮಾತಿನ ಮ್ಯಾಲೆ ಅವರಿಗೆ ಅಷ್ಟು ನಂಬಿಗಿ.

ಹುಬ್ಬಳ್ಳಿ ಓಣಿ ಬಲ್ಲವರಿಗೆ ಹಂದಿ ಬಗ್ಗೆ ನಾ ಹೇಳಬೇಕಾಗಿಲ್ಲ. ಒಂದಿನಾ ಪಾಠ ನಡದಾಗ ಕಾಲೇಜ್ ಕಂಪೌಂಡಿನ್ಯಾಗ ಒಂದು ಹೆಣ್ಣಹಂದಿ ಏಳೆಂಟು ಮರಿ ಕಟ್ಟಿಕೊಂಡು ಬಂತು. ಕಿಡಕಿ ಬಾಜೂಕಿದ್ದ ಹುಡುಗೂರು ಎದ್ದು ನಿಂತು ಚಾಕ್‌ಪೀಸ್ ತುಣುಕು ಒಗಿಯಾಕ ಹತ್ತಿದ್ರು. ಒಬ್ಬ ಇನ್ನೊಬ್ಬಗ, "ನಿಮ್ಮ ಮಂದಿ ಬಂದಾರ ನೋಡಲೇ ಹಂದಿ," ಅಂದ. ಎಲ್ಲಾರೂ ನಕ್ಕರು.

ಮೇಡಂ ಪುಸ್ತಕಾ ಮುಚ್ಚಿದ್ರು. "ನಿಂತೀರೆಲ್ಲಾ, ಅಲ್ಲೇ ನಿಂದರ್ರಿ. ಅದರ ಕಾಲಾಗ ಎಷ್ಟು ಬೆರಳು ಅದಾವ ಹೇಳ್ರಿ."

ಯಾರಿಗೂ ಗೊತ್ತಿಲ್ಲ.

"ಹುಟ್ಟಿದಾಗಿಂದ ನೋಡೀರಿ. ಕಲ್ಲು ಒಗದೀರಿ. ಬೆರಳು ಎಣಿಸಿಲ್ಲ. ನಾಕು ಅದಾವ. ಎರಡು ನೆಲಕ್ಕ ಊರತಾವ, ಎರಡು ಹಿಂದ ಮ್ಯಾಲೆ ಇರ್ತಾವ." ಬೋರ್ಡಿಗೆ ಹೋಗಿ ದೊಡ್ಡದಾಗಿ ಬರದ್ರು: ಸುಯಿಡೇ. "ಸುಸ್ ಅಂದ್ರ ಲ್ಯಾಟಿನ್‌ನ್ಯಾಗ ಹಂದಿ. ಪ್ರಾಣಿ ಹೆಸರಿಗೆ ಹಿಂದ ‘ಇಡೇ’ ಬಂತಂದ್ರ ಅದು ಮನೆತನದ ಹೆಸರು ಅಂತ ತಿಳೀರಿ. ನಾಯಿದು ಕ್ಯಾನಿಡೇ, ಬೆಕ್ಕಿಂದು ಫೆಲಿಡೇ, ಇವರದು ಸುಯಿಡೇ. ಈ ಮನ್ಯಾಗ ಯಾರ್ಯಾರು ಅದಾರ? ಹೊರಗ ನಿಂತಾಕಿ ಒಬ್ಬಾಕಿ. ನಮ್ಮ ಮುಗದದ ಗದ್ದಿಗೆ ನುಗ್ಗೋ ಕಾಡಹಂದಿ. ಮಾರಿ ಮ್ಯಾಲೆ ಗಂಟು ಇರೋ ಆಫ್ರಿಕಾದವು. ಅಸ್ಸಾಂ ಕಡೆ ಹುಲ್ಲಿನ್ಯಾಗ ಇರೋ ಮೊಲದಕಿಂತ ಸ್ವಲ್ಪ ದೊಡ್ಡದು ಒಂದು ಸಣ್ಣ ಜಾತಿ. ಅಮೆರಿಕಾದಾಗ ಪೆಕರಿ ಅಂತ ಐತಿ, ನೋಡಾಕ ಹಂದಿನ, ಆದ್ರ ಮನೆತನಾ ಬ್ಯಾರೆ. ಅದನ್ನೂ ಇವರನ್ನೂ ಕೂಡಿಸಿ ಹೇಳಬೇಕಂದ್ರ ಸುಯಿನಾ ಅಂತಾರ. ಸುಯಿನಾ ದೊಡ್ಡ ವಾಡೇ, ಸುಯಿಡೇ ಅದರಾಗಿನ ಒಂದು ಮನಿ."

"ಮೇಡಂ, ನೀರಾನಿ ರೀ?" ಹಿಂದಿನ ಬೆಂಚಿನ ಹುಡುಗ ಕೇಳಿದ. ಚಾಷ್ಟಿಗೆ, ಮಂದಿ ನಗಸಾಕ ಕೇಳಿದ್ದು.

"ಭಾಳ ಛಲೋ ಕೇಳಿದ್ರಿ. ನಾ ಓದೋಮುಂದ ಪುಸ್ತಕದಾಗ ಅದನ್ನ ಇವರ ಬಾಜೂಕ ಕುಂದ್ರಿಸಿದ್ರು. ಈಗ ಅದರ ನೆಂಟಸ್ತನ ತಿಮಿಂಗಲದ ಕಡೆ ಅಂತ ಹೇಳಾಕತ್ತಾರ. ನೋಡಾಕ ಹಂಗ ಕಂಡಕೂಡಲೆ ಮನೆತನಾ ಒಂದ ಅಂತ ತಿಳೀಬ್ಯಾಡ್ರಿ."

ಆಮ್ಯಾಲೆ ಬಳಸೋದು ಹೆಂಗಂತ ಹೇಳಿದ್ರು. ಒಂದು ಪ್ರಾಣಿ ತೋರಿಸಿ ಸುಯಿಡೇ ಅನ್ನಂಗಿಲ್ಲ, ಇದು ಸುಯಿಡೇ ಮನೆತನದ್ದು ಅನ್ನಬೇಕು. ಕಡೀಕ ಕೈ ಝಾಡಿಸಿ ನಮ್ಮ ಕಡೆ ನೋಡಿದ್ರು. "ಹಂದಿ ಅನ್ನೋ ಶಬ್ದಕ್ಕ ಮಂದಿ ಭಾಳ ಹೊಲಸು ಹಚ್ಯಾರ. ಈ ಶಬ್ದಾ ಸ್ವಚ್ಛ ಐತಿ. ಇದರಲೇ ಯಾರಿಗೂ ಬೈಯಾಕ ಬರಂಗಿಲ್ಲ. ಇದನ್ನ ಬಳಸ್ರಿ."

ನಾವೂ ಖರೇ ಅಂದ್ಕೊಂಡ್ವಿ. ಅವರಂತೂ ಅಂದ್ಕೊಂಡಿದ್ರು.

ಆ ದಿನಾ ಕಿಡಕಿ ಕಡೆ ನೋಡಲಾರದಾಕಿ ಇಡೀ ವರ್ಗದಾಗ ಒಬ್ಬಾಕಿನ. ನನ್ನ ಬೆಂಚಿನ್ಯಾಗ, ನನ್ನ ಎಡಕ್ಕ ಕುಂದರೋ ಗೆಳತಿ. ಅಕಿ ಹೆಸರು ನಾ ಇಲ್ಲಿ ಬರಿಯಂಗಿಲ್ಲ. ಒಂದು ಹೆಸರು ಹಚ್ಚಿ ಸಾಕಾಗೇತಿ. ಮಾತು ಕಡಿಮಿ, ಎರಡು ಜಡಿ, ಡಬ್ಬಿಯಾಗ ದಿನಾ ರೊಟ್ಟಿ, ಶೇಂಗಾ ಹಿಂಡಿ. ಅರ್ಧಾ ನನಗ ಕೊಡತಿದ್ಲು. ನಾ ಲೆಕ್ಕದಾಗ ದಡ್ಡಿ, ಅಕಿ ಹೇಳಿಕೊಡತಿದ್ಲು. ಅವರಪ್ಪ ರೈಲ್ವೇದಾಗ ಅದಾನ ಅಂತ ಹೇಳಿದ್ಲು. ಹುಬ್ಬಳ್ಯಾಗ ಅರ್ಧಾ ಮಂದಿ ಅಪ್ಪಂದಿರು ರೈಲ್ವೇದಾಗ, ನಾ ಏನು ಕೇಳೋದು ಐತಿ?

ಆ ಪಾಠದ ಚಿತ್ರಾ ಅಕಿ ವಹ್ಯಾಗ ತಗದಿದ್ಲು. ಹಂದಿ ಕಾಲು. ಎರಡು ಬೆರಳು ಮುಂದ, ಎರಡು ಹಿಂದ, ನಡುವಿನ ಸೀಳು, ಗೊರಸಿನ ಓರಿ, ಎಲ್ಲಾ ಬರೋಬ್ಬರಿ. ಮೇಡಂ ವಹಿ ಎತ್ತಿಕೊಂಡು ಭಾಳ ಹೊತ್ತು ನೋಡಿದ್ರು. "ಪುಸ್ತಕದಾಗೂ ಇಷ್ಟು ಛಲೋ ಇಲ್ಲ. ಹೆಂಗ ತಗದ್ರಿ?"

"ನೋಡೇನ್ರಿ ಮೇಡಂ," ಅಂದ್ಲು. ಅಷ್ಟ.

ಮೇಡಂ ನಮ್ಮ ಕ್ಲಾಸ್ ಟೀಚರೂ ಆಗಿದ್ರು. ಆಫೀಸಿನ್ಯಾಗ ಅಕಿ ಅಡ್ಮಿಶನ್ ಫಾರ್ಮು ತಗಸಿ ನೋಡ್ಯಾರ. ತಂದೆಯ ಉದ್ಯೋಗ ಅನ್ನೋ ಕಡೆ ಹಂದಿ ಸಾಕಾಣಿಕಿ ಅಂತ ಬರದಿತ್ತಂತ. ಅದನ್ನ ಓದಿ ಮೇಡಂಗ ಖುಷಿ ಆಗೇತಿ. ಹೌದ್ರಿ, ಖುಷಿ. ಅವರ ನಮೂನಿನ ಹಂಗ. ಕಾಲೇಜು ಮುಗಿಸಿ ಒಬ್ಬರ ಅಕಿ ಓಣಿಗೆ ಹೋಗಿ, ಅವರಪ್ಪನ್ನ ಮಾತಾಡಿಸಿ, ಹಂದಿ ನೋಡಿ, ನಮ್ಮ ವರ್ಗಕ್ಕ ಬಂದು ಹುಡುಗೂರಿಗೆ ನಾಕು ಮಾತು ಹೇಳ್ರಿ ಅಂತ ಕರದು ಬಂದ್ರು. ಮಗಳಿಗೆ ಹೇಳಬ್ಯಾಡ್ರಿ, ಅಕಿಗೆ ಸಂತೋಷ ಆಗ್ಲಿ, ಒಮ್ಮೆಕ್ಕ ನೋಡ್ಲಿ ಅಂದ್ರಂತ.

ತಪ್ಪು ಅಲ್ಲೇ ಆತು. ಅಪ್ಪನ್ನ ಕೇಳಿದ್ರು, ಮಗಳನ್ನ ಕೇಳಲಿಲ್ಲ.

ಮುಂದಿನ ವಾರ, ಎರಡನೇ ತಾಸು. ಬಾಗಿಲದಾಗ ಒಬ್ಬ ಮನುಷ್ಯಾ ಬಂದು ನಿಂತ. ಹೊಸಾ ಬಿಳಿ ಅಂಗಿ, ಮಡಿಕಿ ಗೆರಿ ಇನ್ನೂ ಹಂಗ ಇದ್ವು. ಹೆಗಲ ಮ್ಯಾಲೆ ವಸ್ತ್ರ. ಚಪ್ಪಲಿ ಹೊರಗ ಬಿಟ್ಟ. ನನ್ನ ಎಡಕ್ಕ ಕುಂತಾಕಿ ಉಸುರು ಹಿಡದ್ಲು. ನನಗ ಕೇಳಿಸ್ತು.

"ಬರ್ರಿ, ಒಳಗ ಬರ್ರಿ. ಚಪ್ಪಲಿ ಯಾಕ ಬಿಟ್ರಿ?" ಅಂತ ಮೇಡಂ ಅವನನ್ನ ಕರಕೊಂಡು ಬಂದು ತಮ್ಮ ಕುರ್ಚಿ ಮ್ಯಾಲೆ ಕುಂದ್ರಿಸಿದ್ರು. ಅವ ತುದೀಗಿ ಕುಂತ. "ಏನ್ ಹೇಳ್ಲೆವ್ವಾ ಇವರಿಗೆ? ಇವರು ಓದಿದ ಮಂದಿ," ಅಂದ.

"ಕಿವಿ ಸುದ್ದಿ ಹೇಳ್ರಿ," ಅಂದ್ರು ಮೇಡಂ.

ಹೇಳಿದ. ಎದ್ದು ನಿಂತು ಬೋರ್ಡಿನ ಮ್ಯಾಲೆ ಕಿವಿ ತಗದು ತಗದು ಹೇಳಿದ. ಊರ ತುಂಬ ತಿರುಗೋ ಹಂದ್ಯಾಗ ಯಾರ್ದು ಯಾವುದು ಅಂತ ನಮಗ ಗೊತ್ತಾಗಂಗಿಲ್ಲ, ಅವರಿಗೆ ಗೊತ್ತಾಗತೈತಿ. ಮರಿ ಇದ್ದಾಗ ಕಿವಿ ಕತ್ತರಿಸ್ತಾರ. ಎಡಗಿವಿ ತುದಿ ಹಾರಿಸಿದ್ದು ತನ್ನದು, ಬಲಗಿವಿ ನಡುವ ಸೀಳಿದ್ದು ತನ್ನ ಅಣ್ಣಂದು, ಎರಡೂ ಕಿವಿಗೆ ಕಚ್ಚು ಹಾಕಿದ್ದು ಅವರ ಬೀಗರದು. "ನಮ್ಮ ಮುತ್ಯಾನ ಕಾಲದಿಂದ ಇದ ಕಿವೀರಿ. ಬದಲ ಮಾಡಂಗಿಲ್ಲ. ಬ್ಯಾರೆಯವರ ಗುರ್ತು ಹಾಕಿದ್ರ ಓಣ್ಯಾಗ ಪಂಚಾಯ್ತಿ ಆಕ್ಕೈತ್ರಿ." ಈಯೋ ಮುಂಚೆ ಹಂದಿ ಹುಲ್ಲು, ಚಿಂದಿ, ಪೇಪರ್ ಬಾಯಾಗ ಕಚ್ಚಿಕೊಂಡು ಬಂದು ಗೂಡು ಕಟ್ಟತೈತಿ ಅಂತ ಹೇಳಿದ. ಹುಟ್ಟಿದ ಎರಡು ಮೂರು ದಿನದಾಗ ಒಂದೊಂದು ಮರಿ ಒಂದೊಂದು ಮೊಲಿ ಹಿಡೀತೈತಿ, ಮತ್ತ ಕಡೀತನಕ ಅದ ಮೊಲಿ, ಇನ್ನೊಂದರದಕ್ಕ ಬಾಯಿ ಹಾಕಂಗಿಲ್ಲ ಅಂದ. ಹಿಂದಿನ ಬೆಂಚು ಸೈತ ಬಾಯಿ ತಕ್ಕೊಂಡು ಕುಂತಿತ್ತು. ಖರೇ ಹೇಳ್ತೇನಿ, ಅಂಥಾ ಪಾಠಾ ನಾ ಮತ್ತ ಕೇಳಿಲ್ಲ.

ಮುಗದ ಮ್ಯಾಲೆ ಮೇಡಂ ಅವನ ಬಾಜೂಕ ನಿಂತು ಹೇಳಿದ್ರು: "ಇಷ್ಟೆಲ್ಲಾ ಗೊತ್ತಿರೋ ಇವರು ಯಾರು ಗೊತ್ತೇನ್ರಿ? ನಿಮ್ಮ ಗೆಳತಿ ತಂದಿ." ಅಂದು ನನ್ನ ಎಡಕ್ಕ ಕೈ ತೋರಿಸಿದ್ರು.

ಅಪ್ಪ ನಕ್ಕ. ಹಲ್ಲು ಕಾಣೋಹಂಗ ನಕ್ಕ. ಅರವತ್ತು ಮಂದಿ ಹೊಳ್ಳಿ ನೋಡಿದ್ರು. ಅಕಿ ಬೆಂಚಿನ ಮ್ಯಾಲೆ ಉಗುರಿಲೇ ಒಂದು ಗೆರಿ ಕೊರಕೊಂತ ಕುಂತಿದ್ಲು. ತಲಿ ಎತ್ತಲಿಲ್ಲ.

ಇನ್ನ ನಂದು ಹೇಳ್ತೇನಿ.

ಊಟದ ಬಿಡುವಿನ್ಯಾಗ ನಳದ ಹತ್ರ ಹುಡುಗ್ಯಾರ ಸಾಲು. ಅಕಿ ಮುಂದಿದ್ಲು, ಡಬ್ಬಿ ತೊಳಿಯಾಕತ್ತಿದ್ಲು. ನನಗ ಅಕಿ ಮ್ಯಾಲೆ ಸಿಟ್ಟಿತ್ತು. ರೈಲ್ವೇ ಅಂತ ನನ್ನ ಮುಂದ ಸುಳ್ಳು ಹೇಳಿದ್ಲಲ್ಲಾ ಅಂತ. ಅಕಿ ಡಬ್ಬೀದು ನಾ ತಿಂದಿದ್ನೆಲ್ಲಾ ಅಂತ ಒಂದು ಹೇಸಿಕಿನೂ ಇತ್ತು, ಮುಚ್ಚಿಡಂಗಿಲ್ಲ. ಹಿಂದಿನಾಕಿ ನನ್ನ ಚಿವುಟಿ, "ನಿಮ್ಮ ಗೆಳತಿದು ಆಗೋತನ ನಿಂದರಬೇಕೇನವಾ ನಾವು?" ಅಂದ್ಲು. ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ಅಕಿ ಕಡೇಕ ಇರ್ತೀಯೋ ನಮ್ಮ ಕಡೇಕ ಬರ್ತೀಯೋ ಅನ್ನೋ ನೋಟ ಅದು. ನಾ ದೊಡ್ಡ ದನಿ ತಗದು ಅಂದ್ನಿ:

"ಏ ಸುಯಿಡೇ, ಆಕಡೆ ಸರಿ, ಮಂದಿಗೆ ನೀರು ಬಿಡು."

ಸಾಲಿಗೆ ಸಾಲ ನಕ್ಕಿತು. ಅಕಿ ಹೊಳ್ಳಿ ನೋಡಿದ್ಲು. ನನ್ನ ಮಾರಿನ ನೋಡಿದ್ಲು, ಬ್ಯಾರೆ ಯಾರನ್ನೂ ನೋಡಲಿಲ್ಲ. ಡಬ್ಬಿ ಪೂರ್ತಿ ತೊಳೀಲಾರದನ ಹೋದ್ಲು.

ಹಂದಿ ಅಂದಿದ್ರ ಯಾರರ ಒಬ್ರು "ಹಂಗನ್ನಬ್ಯಾಡ್ರೆ" ಅಂತಿದ್ರೇನೋ. ಇದು ಪುಸ್ತಕದ ಶಬ್ದಾ ನೋಡ್ರಿ. ಮೇಡಂ ಮುಂದನೂ ಅನ್ನಾಕ ಬರತಿತ್ತು. ಹೆಣ್ಣಮಕ್ಕಳ ಹೆಸರಿನಂಗ ಬ್ಯಾರೆ ಕೇಳಸ್ತಿತ್ತು. ಸಂಜಿಕ ಹುಡುಗೂರ ಕಿವಿಗೆ ಹೋತು. ಮರುದಿನಾ ಸೈಕಲ್ ಸ್ಟ್ಯಾಂಡಿನ್ಯಾಗ ರಾಗಾ ಹಚ್ಚಿ ಒದರಾಕ ಹತ್ತಿದ್ರು, "ಸೂ...ಯಿ...ಡೇ." ಆರ್ಟ್ಸಿನವರೂ ಅಂದ್ರು, ಕಾಮರ್ಸಿನವರೂ ಅಂದ್ರು, ಅವರಿಗೆ ಅರ್ಥನೂ ಗೊತ್ತಿರಲಿಲ್ಲ. ಒಂದಿನಾ ಪ್ಯೂನ್ ಬಂದು, "ಸುಯಿಡೇ ಅಂದ್ರ ಯಾರ್ರಿ? ಆಫೀಸಿನ್ಯಾಗ ಕರದಾರ," ಅಂದ. ಪಾಪ, ಅವ ಅದನ್ನ ಖರೇ ಹೆಸರು ಅಂತ ತಿಳಕೊಂಡಿದ್ದ. ಅಕಿ ಎದ್ದು ಹೋದ್ಲು.

ಅಕಿ ಮತ್ತ ಆರು ದಿನಾ ಬಂದ್ಲು. ನನ್ನ ಬಾಜೂಕನ ಕುಂದರತಿದ್ಲು, ನಡುವ ಒಂದು ಗೇಣು ಜಾಗಾ ಬಿಟ್ಟು. ಏಳನೇ ದಿನಾ ಬರಲಿಲ್ಲ.

ಹಾಜರಿ ಕೂಗೋಮುಂದ ಮೇಡಂ ನಮ್ಮ ಬೆಂಚಿನ ಹತ್ರ ಬಂದ್ರು. ಅಕಿ ಕುಂದರೋ ಜಾಗಾದಾಗ ಯಾರೋ ಕೈವಾರದ ಮೊನಿಲೇ ಆ ಶಬ್ದಾ ಕೆತ್ತಿದ್ರು, ಒಂದು ಬಾಣದ ಗುರ್ತು ಹಾಕಿ. ಮೇಡಂ ಓದಿದ್ರು. ಬೆರಳಿಲೇ ತಿಕ್ಕಿದ್ರು. ಕಟಗಿ ಮ್ಯಾಲೆ ಕೆತ್ತಿದ್ದು ಹೋಗತೈತೇನ್ರಿ?

"ಯಾರು ಶುರು ಮಾಡಿದ್ರಿ?" ಸಾವಕಾಶ ಕೇಳಿದ್ರು. ಬೈಲಿಲ್ಲ.

ನಳದ ಸಾಲಿನ್ಯಾಗ ಇದ್ದ ಹುಡುಗ್ಯಾರು ನನ್ನ ಕಡೆ ನೋಡಲಿಲ್ಲ, ಅಷ್ಟು ಉಪಕಾರ ಮಾಡಿದ್ರು. ನಾ ನನ್ನ ವಹಿ ನೋಡಿಕೊಂತ ಕುಂತ್ನಿ.

"ನೀವು ಅಕಿ ಗೆಳತಿ," ಅಂದ್ರು ಮೇಡಂ ನನಗ. "ಸಂಜಿಕ ನನ್ನ ಸಂಗಾಟ ಬರ್ರಿ. ಅಕಿ ಮನಿಗೆ ಹೋಗೋಣು. ನಾ ಒಬ್ಬಾಕಿ ಹೋದ್ರ ಟೀಚರ್ ಬಂದಾರ ಅಂತ ಆಗತೈತಿ. ಗೆಳತಿ ಬಂದ್ರ ಬ್ಯಾರೆ."

ಒಲ್ಲೆ ಅನ್ನಾಕ ನನ್ನ ಹಂತ್ಯಾಕ ಏನು ನೆಪಾ ಇತ್ತು ಹೇಳ್ರಿ. ಹೋದ್ನಿ. ಬಿಸಲು ಇಳಿದಿರಲಿಲ್ಲ, ರೈಲು ಹಳಿ ಗುಂಟ ನಡದ್ವಿ. ದಾರ್ಯಾಗ ಮೇಡಂ ಒಂದ ಮಾತು ಆಡಿದ್ರು: "ಸ್ವಚ್ಛ ಶಬ್ದಾ ಅಂದಿದ್ನೆಲ್ರಿ ನಾ." ನನಗಲ್ಲ, ತಮಗ ತಾವ ಹೇಳಿಕೊಂಡಂಗಿತ್ತು.

ತಗಡಿನ ಮನಿ, ಮುಂದ ಸಾರಿಸಿದ ಕಟ್ಟಿ. ಅವರಪ್ಪ ಓಡಿಬಂದು ಚಾಪಿ ಹಾಸಿದ. ಅಕಿ ಒಳಗಿಂದ ಬಂದು ಬಾಗಿಲಿಗೆ ಒರಗಿ ನಿಂತ್ಲು.

"ನಿಮ್ಮ ಗೆಳತಿ ಬಂದಾಳ ನೋಡ್ರಿ," ಅಂದ್ರು ಮೇಡಂ.

ಅಕಿ ನೋಡಿದ್ಲು. ನಳದ ಹತ್ರ ನೋಡಿದ್ದ ನೋಟ ಅದ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ ಕಾದ್ನಿ. ಹೇಳಲಿಲ್ಲ.

"ತಪ್ಪು ನಂದ್ರೀ ಅಕ್ಕಾರ," ಅವರಪ್ಪ ಅಂದ. "ನಾ ಬರಬಾರದಿತ್ತು. ಕರದ್ರಿ ಅಂತ ಹಿಗ್ಗಿಲೇ ಬಂದ್ನಿ. ಹೊಸಾ ಅಂಗಿ ತಗೊಂಡು ಬಂದ್ನಿ."

"ನಿಮ್ದಲ್ರಿ, ನಂದು," ಅಂದ್ರು ಮೇಡಂ. ಆಮ್ಯಾಲೆ ಅಕಿ ಕಡೆ ಹೊಳ್ಳಿ, "ಸಿಟ್ಟಾಗೀರೇನ್ರಿ ನನ್ನ ಮ್ಯಾಲೆ?"

"ಇಲ್ರಿ ಮೇಡಂ. ನಮ್ಮಪ್ಪಗ ನಿಮ್ಮ ಕುರ್ಚಿ ಕೊಟ್ರಿ. ಅದನ್ನ ನಾ ಮರಿಯಂಗಿಲ್ಲ." ಅಕಿ ದನಿ ಗಟ್ಟಿ ಇತ್ತು. "ನನ್ನ ಒಂದು ಮಾತು ಕೇಳಿದ್ರ ಆಗತಿತ್ತು. ಹೇಳೋದೋ ಬ್ಯಾಡೋ ಅಂತ. ನಮ್ಮಪ್ಪ ಏನು ಮಾಡ್ತಾನ ಅಂತ ನಾನ ಹೇಳಾಕಿ ಇದ್ನಿ. ಪರೀಕ್ಷೆ ಪಾಸಾಗಿ, ವರ್ಗಕ್ಕ ಮೊದಲ ಬಂದು, ಆಮ್ಯಾಲೆ ಹೇಳಬೇಕು ಅಂತ ಇಟ್ಟಿದ್ನಿ."

"ನಾಳಿಂದ ಬರ್ರಿ. ನಾ ಬಾಜೂಕ ನಿಂದರ್ತೇನಿ. ಇವರೂ ಇರ್ತಾರ," ಅಂತ ಮೇಡಂ ನನ್ನ ಹೆಗಲ ಮ್ಯಾಲೆ ಕೈ ಇಟ್ರು.

ಅಕಿ ಆ ಕೈ ನೋಡಿದ್ಲು. "ಬರಂಗಿಲ್ರಿ," ಅಂದು ಒಳಗ ಹೋದ್ಲು.

ಮೇಡಂ ಆಮ್ಯಾಲೆ ಎಷ್ಟು ರವಿವಾರ ಹೋದ್ರು ಅಂತ ನನಗ ಖರೇನ ಗೊತ್ತಿಲ್ಲ. ಧಾರವಾಡದಿಂದ ರಜಾ ದಿನಾನೂ ಬಸ್ಸು ಹತ್ತಿ ಬಂದು, ವಾರದ ನೋಟ್ಸೆಲ್ಲಾ ಕೈಲೇ ಬರದು ಕೊಟ್ಟು ಬರತಿದ್ರು, ಮನ್ಯಾಗ ಓದಿ ಪರೀಕ್ಷೆರ ಕಟ್ಟಲಿ ಅಂತ. ನನ್ನನ್ನೂ ಕರೀತಿದ್ರು. ನಾ ಒಮ್ಮೆ ಜ್ವರ ಅಂದ್ನಿ, ಒಮ್ಮೆ ಮನ್ಯಾಗ ಬೀಗರು ಬಂದಾರ ಅಂದ್ನಿ. ಅಕಿ ಪರೀಕ್ಷೆಗೆ ಬರಲಿಲ್ಲ. ಮರುವರ್ಷ ಲಗ್ನಾ ಮಾಡಿ ಬ್ಯಾರೆ ಊರಿಗೆ ಕೊಟ್ರು ಅಂತ ಸುದ್ದಿ ಬಂತು. ಅವರಪ್ಪನೂ ಓಣಿ ಬಿಟ್ಟ. ಅಷ್ಟ, ಮುಂದ ಏನೂ ಗೊತ್ತಾಗಲಿಲ್ಲ.

ಮೇಡಂ ಮತ್ತ ಆ ಶಬ್ದಾ ವರ್ಗದಾಗ ಎತ್ತಲಿಲ್ಲ. ಎರಡನೇ ವರ್ಷದಾಗ ಗೊರಸಿನ ಪ್ರಾಣಿ ಪಾಠಾ ಬಂದಾಗ ಆಕಳು, ಒಂಟಿ, ಜಿಂಕಿ ಅಂತ ಹೇಳಿ ಪುಟಾ ಹೊಳ್ಳಿಸಿದ್ರು. ನಂತರದ ಬ್ಯಾಚಿನವರನ್ನ ಕೇಳೇನಿ, ಯಾರಿಗೂ ಸುಯಿಡೇ ಗೊತ್ತಿಲ್ಲ. ಹೆಸರಿನ ಬಗ್ಗೆ ಅವರಾಡೋ ಆ ಮಾತೂ ನಿಂತಿತು.

ನನ್ನ ಮ್ಯಾಲೆ ಮಾತ್ರ ಪ್ರೀತಿ ಹೆಚ್ಚಾತು. ಸ್ಟಾಫ್ ರೂಮಿನ್ಯಾಗ ಬ್ಯಾರೆ ಮೇಡಂಗೋಳಿಗೆ, "ಗೆಳತಿ ಸಲುವಾಗಿ ಬಿಸಲಾಗ ನಡಕೊಂತ ಬಂದ ಹುಡುಗಿ ಇಕಿ," ಅಂತ ಹೇಳೋದು ನನ್ನ ಕಿವಿಗೆ ಬಿತ್ತು. ಪಿಯುಸಿ ಮುಗದ ಮ್ಯಾಲೆ ನಮ್ಮ ಮನ್ಯಾಗ ಓದು ಸಾಕು ಅಂದ್ರ, ಮೇಡಂ ಬಂದು ನಮ್ಮಪ್ಪನ ಮುಂದ ಕುಂತು, ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ತಾವ ಫಾರ್ಮು ತುಂಬಿ ಕಳಸಿದ್ರು. ಇವತ್ತ ನಾ ಉಣ್ಣೋ ಅನ್ನಾ ಅದರಿಂದ ಬಂದದ್ದು. ಅಕಿ ಸಿಗಲಿಲ್ಲ ಅಂತ ನನ್ನನ್ನ ಗಟ್ಟಿ ಹಿಡದ್ರು ಅಂತ ನನಗ ಈಗ ಅನಸ್ತೈತಿ. ಅಕಿಗೆ ಮಾಡಬೇಕಾಗಿದ್ದು ನನಗ ಮಾಡಿದ್ರು.

ಹೋದ ವರ್ಷ ನಮ್ಮ ಲ್ಯಾಬಿನ ಮನಿಭೇಟಿ ಪಟ್ಟಿಯಾಗ ಧಾರವಾಡದ ಒಂದು ವಿಳಾಸ ಬಂತು. ಬಾಗಿಲಾ ತಗದದ್ದು ಅವರ ತಂಗಿ. ಒಳಗ ಕುರ್ಚಿ ಮ್ಯಾಲೆ ಮೇಡಂ. ಕಿಡ್ನಿ ಬ್ಯಾನಿ. ಕಾಲು ಬಾತಿದ್ವು, ಕೂದಲಾ ಪೂರ್ತಿ ಬೆಳ್ಳಗ. ನನ್ನ ನೋಡಿದ ಕೂಡಲೆ ಗುರ್ತು ಹಿಡದು, "ಸೂಜಿ ನೀವ ಚುಚ್ಚೋರು ಅಂದ್ರ ನನಗ ಹೆದರಿಕಿಲ್ಲ ಬಿಡ್ರಿ," ಅಂತ ನಕ್ರು. ಪ್ರತಿ ತಿಂಗಳಾ ನಾನ ಹೋಗಾಕ ಹತ್ತಿದ್ನಿ. ರಕ್ತಾ ತಗೊಂಡ ಮ್ಯಾಲೆ ಚಹಾ, ಹಳೇ ಸುದ್ದಿ. ಆ ಸುದ್ದಿ ಒಂದು ಬಿಟ್ಟು.

ಐದನೇ ತಿಂಗಳಾ ಇರಬೇಕು. ತೋಳಿಗೆ ಪಟ್ಟಿ ಕಟ್ಟಿ ನರಾ ಹುಡುಕಾಕತ್ತಿದ್ನಿ. ಮೇಡಂ ತಂಗಿ ಕಡೆ ನೋಡಿ, "ಇಕಿ ಬರೇ ಶಾಣ್ಯಾಕಿ ಅಲ್ಲವಾ, ಮನಸೂ ಸ್ವಚ್ಛ. ಒಂದು ಹುಡುಗಿ ಓದು ನನ್ನ ಒಂದು ಶಬ್ದದಿಂದ ಹಾಳಾತು ಅಂತ ಹೇಳಿದ್ನೆಲ್ಲಾ, ಆವಾಗ ನನ್ನ ಸಂಗಾಟ ಬಂದಾಕಿ ಇಕಿ ಒಬ್ಬಾಕಿನ," ಅಂದ್ರು.

ಇಷ್ಟು ವರ್ಷ ಅವರು 'ನನ್ನ ಶಬ್ದದಿಂದ' ಅಂತ ಹೊತ್ತುಕೊಂಡು ಕುಂತಾರ. ನಾ ಬಾಯಿ ಬಿಟ್ನಿ. "ಮೇಡಂ, ಮೊದಲ ಅಂದಾಕಿ ನಾನ್ರಿ. ನಳದ ಹತ್ರ. ನಾ ಅಂದ ಮ್ಯಾಲೆ ಉಳದವರು ಅಂದ್ರು."

ಮೇಡಂ ತಮ್ಮ ತೋಳಿನ ಪಟ್ಟಿ ನೋಡಿದ್ರು. ಆಮ್ಯಾಲೆ, "ಪಟ್ಟಿ ಬಿಚ್ರಿ. ಕೈ ಜೋಮು ಹಿಡದೈತಿ," ಅಂದ್ರು.

ಬಿಚ್ಚಿದ್ನಿ.

"ಅಕಿ ಮನಿಗೆ ನಿಮ್ಮನ್ನ ನಾನ ಕರಕೊಂಡು ಹೋದ್ನಿ."

"ಹೌದ್ರಿ."

"ಗೆಳತಿ ಬಂದಾಳ ನೋಡ್ರಿ ಅಂದ್ನಿ. ಇವರೂ ಇರ್ತಾರ ಅಂತ ನಿಮ್ಮ ಹೆಗಲ ಮ್ಯಾಲೆ ಕೈ ಇಟ್ನಿ."

"ಹೌದ್ರಿ ಮೇಡಂ."

"ಅದಕ್ಕ ಅಕಿ ಬರಲಿಲ್ಲ." ಅಳು ಇಲ್ಲ, ಸಿಟ್ಟಿಲ್ಲ, ಬೋರ್ಡಿನ ಮ್ಯಾಲೆ ತಪ್ಪು ಲೆಕ್ಕಾ ಸಿಕ್ಕಂಗ ಹೇಳಿದ್ರು. "ಅವತ್ತ ದಾರ್ಯಾಗ ನೀವು ಹೇಳಿದ್ದಿದ್ರ, ನಿಮ್ಮನ್ನ ಹೊಳ್ಳಿ ಕಳಸಿ ನಾ ಒಬ್ಬಾಕಿ ಹೋಗ್ತಿದ್ನಿ. ಅಕಿ ಬರತಿದ್ಲೋ ಏನೋ."

ನಾ ಪಟ್ಟಿ ಸುತ್ತಿ ಚೀಲದಾಗ ಇಡಾಕ ಹೋದ್ನಿ.

"ರಕ್ತಾ ತಗೊಳ್ರಿ. ಬಂದ ಕೆಲಸಾ ಮುಗಸ್ರಿ." ಇನ್ನೊಂದು ಕೈ ಮುಂದ ಮಾಡಿದ್ರು. ತಗೊಂಡ್ನಿ. ಹತ್ತಿ ಇಟ್ಟು ಮಡಚಿದ್ನಿ. ಚಹಾ ಬರಲಿಲ್ಲ. ಬಾಗಿಲದ ತನಕ ಬಂದಾಗ ಹಿಂದಿಂದ ಕರದ್ರು. ನಾ ಹೊಳ್ಳಿದ್ನಿ, ಏನೋ ಆಸೆ ಇತ್ತು.

"ಮುಂದಿನ ತಿಂಗಳಿಂದ ಬ್ಯಾರೆಯವರನ್ನ ಕಳಸ್ರಿ," ಅಂದ್ರು. ಆಗೂ "ರೀ" ಬಿಡಲಿಲ್ಲ ನೋಡ್ರಿ.

ನಮ್ಮ ಲ್ಯಾಬಿನ ಹುಡುಗನ್ನ ಕಳಸಿದ್ನಿ. ಅವ ಹೊಳ್ಳಿ ಬಂದಾಗೊಮ್ಮೆ, "ಮೇಡಂ ನನ್ನ ಕೇಳಿದ್ರೇನು?" ಅಂತ ಕೇಳತಿದ್ನಿ. "ಇಲ್ರಿ ಅಕ್ಕಾ," ಅಂತಿದ್ದ. ಮೂರು ತಿಂಗಳಾ ಕೇಳಿದ್ನಿ, ಆಮ್ಯಾಲೆ ಕೇಳೋದು ಬಿಟ್ನಿ. ಫೋನ್ ಮಾಡಲಿಲ್ಲ. ಹೋಗಿ ಕಾಲು ಹಿಡೀಬೇಕಿತ್ತೇನೋ. ಕಾಲು ಹಿಡಕೊಂಡ್ರ ನನಗ ಹಗುರ ಆಗತಿತ್ತು, ಅವರಿಗೇನು ಆಗತಿತ್ತು?

ತೀರಿಕೊಂಡ ದಿನಾ ಹೋಗಿದ್ನಿ. ಹಿಂದ ನಿಂತಿದ್ನಿ. ಮಣ್ಣು ಮುಗಿಸಿ ಬಂದ ಮ್ಯಾಲೆ ಅವರ ತಂಗಿ ನನ್ನ ಬಾಜೂಕ ಬಂದು ಹೇಳಿದ್ರು, ನೀವು ಬಂದು ಹೋದ ಮ್ಯಾಲೆ ಅಕ್ಕ ಆ ಹುಡುಗಿ ಊರು ಹುಡುಕಿಸಾಕ ಹತ್ತಿದ್ಲು, ಹಳೇ ಕಾಲೇಜಿಗೆ ಫೋನ್ ಮಾಡ್ಸಿದ್ಲು, ಆ ಓಣಿಗೆ ಆಟೋ ಮಾಡಿಕೊಂಡು ಹೋಗಿ ಬಂದ್ಲು, ಆ ಬಾತ ಕಾಲ ಮ್ಯಾಲೆ. ಯಾರೂ ಗೊತ್ತೈತಿ ಅನ್ನಲಿಲ್ಲ. "ಅಕಿ ಸಿಕ್ಕಿದ್ರ ಏನು ಹೇಳಾಕಿ ಇದ್ಲೋ, ನನಗೂ ಹೇಳಲಿಲ್ಲ," ಅಂದ್ರು.

ಇಷ್ಟ ಐತ್ರಿ. ಅಕಿ ಈ ಪೇಜ್ ಓದಾಕತ್ತಿದ್ರ ನನಗ ಬರೀಬೇಕಾಗಿಲ್ಲ. ಮೇಡಂ ಕಡೀ ತನಕ ನಿನ್ನ ಹುಡುಕಿದ್ರು, ಅಷ್ಟು ತಿಳಕೊಂಡ್ರ ಸಾಕು.

ಉಳದವರು ಬರೀರಿ. ಶಾಲ್ಯಾಗ, ಓಣ್ಯಾಗ, ಆಫೀಸಿನ್ಯಾಗ ನಿಮಗ ಯಾರರ ಹೆಸರು ಹಚ್ಚಿದ್ರೇನು? ಅದನ್ನ ಹೊತ್ತು ಎಷ್ಟು ದಿನಾ ನಡದ್ರಿ, ಕೆಳಗ ಬರೀರಿ. ನೀವ ಇನ್ನೊಬ್ಬರಿಗೆ ಹಚ್ಚಿದ್ರ ಅದನ್ನೂ ಬರೀರಿ, ನಾ ಬೈಯಂಗಿಲ್ಲ, ಬೈಯೋ ಅಧಿಕಾರ ನನಗಿಲ್ಲ. ಒಂದ ಕೇಳ್ಕೊಂತೇನಿ. ಮೊದಲ ಅಂದವರು ನೀವ ಆಗಿದ್ರ, ಎಲ್ಲಾರೂ ಅಂತಿದ್ರು ಅಂತ ಮಾತ್ರ ಬರೀಬ್ಯಾಡ್ರಿ.